ಗಿಟಾರ್‌ನ ಟೇಲ್‌ಪೀಸ್ ಸ್ಟಡ್ ಅಲ್ಲಾಡುತ್ತಿದ್ದರೆ ಗಮ್ ಹಾಕಬಹುದಾ?

ಗಿಟಾರ್ ತಂತಿ ಬದಲಿಸಲು ಬಿಚ್ಚಿದಾಗ ಟೇಲ್‌ಪೀಸ್ (ತಂತಿಗಳ ಹಿಂತುದಿ ಸಿಕ್ಕಿಸುವ ಲೋಹದ ಪಟ್ಟಿ) ಕಳಚಿ ಕೈಗೆ ಬಂತು, ಅದು ಕೂರುವ ಎರಡು ದಪ್ಪ ತಿರುಪುಗಳಲ್ಲಿ, ಅಂದರೆ ಸ್ಟಡ್‌ಗಳಲ್ಲಿ, ಒಂದು ಬೇರೆ ಅಲ್ಲಾಡುತ್ತಿದೆ, ಕ್ವಿಕ್ ಗಮ್ ಹಾಕಿಬಿಡಲಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ನಾನು ಹಾಕಿ ಅನುಭವಿಸಿದವನು. ಗಮ್ ಪಾಲಿಶ್ ಮೇಲೆ ಹರಿದು ಬಿಳಿ ಕಲೆಯಾಯಿತು. ಸ್ಟಡ್ ಮಾತ್ರ ಎರಡೇ ತಿಂಗಳಲ್ಲಿ ಮತ್ತೆ ಆಡತೊಡಗಿತು.

ಕಳಚಿ ಬಂದದ್ದಕ್ಕೆ ಗಾಬರಿಯಾಗಬೇಡಿ. ಲೆಸ್ ಪಾಲ್ ಮಾದರಿಯ ಎಲೆಕ್ಟ್ರಿಕ್ ಗಿಟಾರ್‌ಗಳಲ್ಲಿ ಟೇಲ್‌ಪೀಸನ್ನು ಹಿಡಿದಿಡುವುದೇ ತಂತಿಗಳ ಎಳೆತ. ಮುಂದಿನ ಸಲ ಕೆಳಗೊಂದು ಬಟ್ಟೆ ಹಾಸಿಕೊಳ್ಳಿ, ಅಷ್ಟೇ.

ನೋಡಬೇಕಾದ್ದು, ಅಲ್ಲಾಡುತ್ತಿರುವುದು ಯಾವುದು ಅಂತ. ಮರದೊಳಗೆ ಲೋಹದ ಬುಷ್ (ಸಣ್ಣ ಕೊಳವೆ) ಕೂತಿರುತ್ತದೆ, ಅದರೊಳಗೆ ಸ್ಟಡ್ ತಿರುಗುತ್ತದೆ. ತಂತಿ ಸಡಿಲಿಸಿ ಸ್ಟಡ್ಡಿನ ತಲೆ ಹಿಡಿದು ಅಲ್ಲಾಡಿಸಿ. ಕಣ್ಣು ಬುಷ್ಷಿನ ಅಂಚಿನ ಮೇಲಿರಲಿ. ಬುಷ್ ಮಿಸುಕದೆ ಸ್ಟಡ್ ಮಾತ್ರ ಸ್ವಲ್ಪ ಆಡಿದರೆ ಚಿಂತೆ ಇಲ್ಲ, ತಂತಿ ಬಿಗಿದಾಗ ನಿಲ್ಲುತ್ತದೆ. ಆದರೂ ಗಿರಗಿರ ಸದ್ದು ಬರುತ್ತಿದ್ದರೆ ನಲ್ಲಿಗೆ ಸುತ್ತುವ ಟೆಫ್ಲಾನ್ ಟೇಪ್ ಅನ್ನು ಸ್ಟಡ್ಡಿನ ತಿರುಪಿನ ಗೆರೆಗಳ ಮೇಲೆ ಎರಡು ಸುತ್ತು ಸುತ್ತಿ ತಿರುಗಿಸಿ.

ಬುಷ್ಷೇ ಅಲ್ಲಾಡಿದರೆ ಕೆಲಸ ಇದೆ. 10-46 ದಪ್ಪದ ತಂತಿ ಸೆಟ್ ಶ್ರುತಿಗೆ ಬಂದಾಗ ಒಟ್ಟು ಎಳೆತ ಸುಮಾರು 45 ಕೆಜಿ. ನನ್ನ ಗಿಟಾರ್‌ನಲ್ಲಿ ಬುಷ್ಷು ನೆಕ್ (ಗಿಟಾರ್‌ನ ಉದ್ದನೆಯ ಕತ್ತು) ಕಡೆಗೆ ವಾಲಿ, ಹಿಂದಿನ ಅಂಚು ಎದ್ದು, ಅದರಡಿ ಬಸ್ ಟಿಕೆಟ್ ತೂರುವಷ್ಟು ಸಂದಿ ಬಿದ್ದಿತ್ತು.

ನಾನಿರುವುದು ಮಡಿಕೇರಿಯಲ್ಲಿ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ, ಇನ್ನು ಗಿಟಾರ್ ಯಾವ ಲೆಕ್ಕ! ತೋಟದಲ್ಲಿ ಗುದ್ದಲಿ ಕಾವು ಸಡಿಲವಾದರೆ ರಾತ್ರಿ ನೀರಲ್ಲಿ ನೆನೆಹಾಕುತ್ತೇವಲ್ವಾ? ಬೆಳಿಗ್ಗೆ ಬಿಗಿ. ಒಣಗಿದ ಮೇಲೆ ಮೊದಲಿಗಿಂತ ಸಡಿಲ. ಉಬ್ಬಿದ ಮರ ಕಬ್ಬಿಣಕ್ಕೆ ಒತ್ತಿಕೊಂಡು ಜಜ್ಜಿಹೋಗಿರುತ್ತದೆ, ಒಣಗಿದಾಗ ಆ ಜಾಗ ಖಾಲಿ ಉಳಿಯುತ್ತದೆ. ಬುಷ್ಷಿನ ತೂತಿನಲ್ಲಿ ಆಗುವುದೂ ಅದೇ. ಹಾಗಾಗಿ ಈ ರಿಪೇರಿಯನ್ನು ಮಳೆಗಾಲದಲ್ಲಿ ಮಾಡಬೇಡಿ. ಫೆಬ್ರವರಿ, ಮಾರ್ಚ್ ಒಳ್ಳೆಯದು.

ಮೊದಲು ಬುಷ್ ಹೊರತೆಗೆಯಬೇಕು. ಕೈಗೆ ಬಾರದಿದ್ದರೆ ಇಕ್ಕಳ ಹಾಕಿ ಎಳೆಯಬೇಡಿ, ಪಾಲಿಶ್ ಎದ್ದುಬರುತ್ತದೆ. ಸ್ಟಡ್ ಬಿಚ್ಚಿ, ತೂತಿನ ತಳಕ್ಕೆ ಬೋಲ್ಟಿನ ಒಂದು ಸಣ್ಣ ತುಂಡು ಇಳಿಸಿ, ಮತ್ತೆ ಸ್ಟಡ್ ತಿರುಗಿಸಿ. ಸ್ಟಡ್ಡಿನ ತುದಿ ತುಂಡಿಗೆ ತಾಗಿ ನಿಲ್ಲುತ್ತದೆ, ಬುಷ್ ತಾನಾಗಿ ಮೇಲೇರುತ್ತದೆ. ಈ ಉಪಾಯ ಮೊದಲ ಸಲ ಕೆಲಸ ಮಾಡಿದಾಗ ನಾನು ಒಬ್ಬನೇ ನಕ್ಕಿದ್ದೆ.

ಆಮೇಲೆ ಆಚಾರಿ ಹತ್ತಿರ ವಿನೀರ್‌ನ (ಮರದ ತೆಳು ಹಾಳೆ) ಒಂದು ಚೂರು ಕೇಳಿ ತನ್ನಿ. ನನಗೆ ಬೀಟೆಯದ್ದು ಸಿಕ್ಕಿತು, ದುಡ್ಡು ತೆಗೆದುಕೊಳ್ಳಲಿಲ್ಲ. ತೂತಿನ ಆಳಕ್ಕೆ ಸರಿಯಾಗಿ ಸಣ್ಣ ಪಟ್ಟಿ ಕತ್ತರಿಸಿ, ಫೆವಿಕಾಲ್ ಸವರಿ, ನೆಕ್ ಕಡೆಯ ಗೋಡೆಗೆ ಅಂಟಿಸಿ. ಮರ ಜಜ್ಜಿರುವುದು ಜಾಸ್ತಿ ಆ ಕಡೆಯೇ. ಒಂದು ದಿನ ಒಣಗಲಿ. ಬುಷ್ ಹೆಬ್ಬೆರಳ ಒತ್ತಿಗೆ ಅರ್ಧ ಇಳಿದು ನಿಲ್ಲಬೇಕು, ಉಳಿದದ್ದನ್ನು ಮರದ ತುಂಡು ಇಟ್ಟು ಮೆಲ್ಲಗೆ ತಟ್ಟಿ. ಪೂರ್ತಿ ಸುಲಭವಾಗಿ ಇಳಿದರೆ ಇನ್ನೊಂದು ಪಟ್ಟಿ ಬೇಕು. ತೀರಾ ಬಿಗಿಯಿದ್ದರೆ ಉಜ್ಜಿ, ಹೊಡೆಯಬೇಡಿ. ತಳದಲ್ಲಿ ಫೆವಿಕಾಲ್ ನಿಂತಿರಬಾರದು, ಹೋಗಲು ದಾರಿಯಿಲ್ಲದೆ ಅದು ಮರವನ್ನೇ ಸೀಳಬಹುದು.

ಒಂದು ವಿಷಯ ಮರೆತೇಬಿಡುತ್ತಿದ್ದೆ. ಎರಡು ಬುಷ್‌ಗಳಲ್ಲಿ ಒಂದರ ಪಕ್ಕ ಅರ್ಥ್ ವೈರ್‌ನ ಬೋಳು ತುದಿ ಸಿಕ್ಕಿಕೊಂಡಿರುತ್ತದೆ. ಅದು ಲೋಹಕ್ಕೆ ತಾಗಿಯೇ ಇರಬೇಕು, ಮಧ್ಯೆ ವಿನೀರ್ ಬರಬಾರದು. ಎಲ್ಲ ಮುಗಿದ ಮೇಲೆ ಮಲ್ಟಿಮೀಟರ್‌ನ ಒಂದು ಮುಳ್ಳನ್ನು ಸ್ಟಡ್ಡಿಗೆ, ಇನ್ನೊಂದನ್ನು ಕೇಬಲ್ ಸಿಕ್ಕಿಸುವ ಜಾಕ್‌ನ ಹೊರಲೋಹಕ್ಕೆ ಇಡಿ. ಬೀಪ್ ಅಂದರೆ ತಂತಿ ಹಾಕಿ. ಅನ್ನದಿದ್ದರೆ ಬುಷ್ಷನ್ನು ಮತ್ತೆ ಎತ್ತಬೇಕು, ಇಲ್ಲದಿದ್ದರೆ ಆಂಪ್‌ನಲ್ಲಿ ಗುಂಯ್ ಅನ್ನುವುದು ನಿಲ್ಲುವುದಿಲ್ಲ.