‘ಬಲಪ್ರಯೋಗ ಕಾನೂನು’ ಎಂಬ ಶೀರ್ಷಿಕೆ ಬೇಡ, ಯಾರ ಬಲ ಅಂತ ಮೊದಲು ಹೇಳಿ

ವಿಶ್ವಕೋಶದ ಲೇಖನಕ್ಕೆ ‘ಬಲಪ್ರಯೋಗ ಕಾನೂನು’ ಅಂತ ಇಡಲಾ, ‘ಯುದ್ಧ ಕಾನೂನು’ ಅಂತ ಇಡಲಾ ಎಂದು ಕೇಳಿದ್ದೀರಿ, ಚಿಕ್ಕ ಶೀರ್ಷಿಕೆಯೇ ಸ್ಪಷ್ಟ ಎಂದೂ ಹೇಳಿದ್ದೀರಿ. ಎರಡೂ ಬೇಡ. ಮೊದಲನೆಯದನ್ನು ನಾನೇ ಇಟ್ಟಿದ್ದೆ.

ನಾನು ರಾಯಚೂರಿನಲ್ಲಿ ವಕೀಲ. ಕೋರ್ಟಿಗೆ ರಜೆ ಇದ್ದಾಗ ಕನ್ನಡ ವಿಕಿಪೀಡಿಯಕ್ಕೆ ಬರೆಯುತ್ತೇನೆ. ಒಂದು ದೇಶ ಇನ್ನೊಂದರ ಮೇಲೆ ಯಾವಾಗ ಸೇನೆ ನುಗ್ಗಿಸಬಹುದು, ಯಾವಾಗ ಕೂಡದು ಅನ್ನುವುದು ನನ್ನ ವಿಷಯ. ಯುದ್ಧವನ್ನು ಕೈಬಿಡುತ್ತೇವೆ ಎಂದು ದೇಶಗಳು ಸಹಿ ಹಾಕಿದ 1928ರ ಕೆಲಾಗ್-ಬ್ರಿಯಾಂಡ್ ಒಪ್ಪಂದದಿಂದ ಶುರು ಮಾಡಿದ್ದೆ. 1945ರ ವಿಶ್ವಸಂಸ್ಥೆ ಸನ್ನದಿನ 2(4)ನೇ ವಿಧಿ ಬಲಪ್ರಯೋಗವನ್ನಷ್ಟೇ ಅಲ್ಲ, ಅದರ ಬೆದರಿಕೆಯನ್ನೂ ನಿಷೇಧಿಸುತ್ತದೆ. 51ನೇ ವಿಧಿ ಸಶಸ್ತ್ರ ದಾಳಿಯಾದರೆ ಆತ್ಮರಕ್ಷಣೆಗೆ ಅವಕಾಶ ಕೊಡುತ್ತದೆ. ನಿಕರಾಗುವಾ ದೇಶದ ಮೇಲೆ ಅಮೆರಿಕ ಬಲ ಬಳಸಿದ್ದು ಅಕ್ರಮ ಎಂದು ಅಂತರರಾಷ್ಟ್ರೀಯ ನ್ಯಾಯಾಲಯ 1986ರಲ್ಲಿ ಕೊಟ್ಟ ತೀರ್ಪನ್ನೂ ಸೇರಿಸಿದ್ದೆ. ಶೀರ್ಷಿಕೆ ಚಿಕ್ಕದಾಗಿರಲಿ ಅಂತ ‘ಬಲಪ್ರಯೋಗ ಕಾನೂನು’ ಎಂದಷ್ಟೇ ಹಾಕಿದೆ.

ಎಡವಿದ್ದು ಅಲ್ಲೇ. ಯಾರು, ಯಾರ ಮೇಲೆ ಬಲ ಬಳಸುತ್ತಾರೆ ಅನ್ನುವುದು ಆ ಶೀರ್ಷಿಕೆಯಲ್ಲಿ ಇರಲಿಲ್ಲ. ದೇಶಗಳ ನಡುವಿನ ಮಾತು ಎಂದು ನನಗೆ ಗೊತ್ತಿತ್ತು, ಓದುವವರಿಗೆ ಗೊತ್ತಿರಲಿಲ್ಲ. ಒಬ್ಬರು ಬಂದು ಲಾಠಿ ಪ್ರಹಾರ, ಅಶ್ರುವಾಯು ಸೇರಿಸಿದರು. ಇನ್ನೊಬ್ಬರು ಪೊಲೀಸ್ ಎನ್‌ಕೌಂಟರ್ ಬಗ್ಗೆ ಸುಪ್ರೀಂ ಕೋರ್ಟ್ 2014ರಲ್ಲಿ ಕೊಟ್ಟ ಮಾರ್ಗಸೂಚಿ ಹಾಕಿದರು. ಮತ್ತೊಬ್ಬರು ಐಪಿಸಿಯ (ಭಾರತೀಯ ದಂಡ ಸಂಹಿತೆಯ) ಖಾಸಗಿ ರಕ್ಷಣೆಯ, ಅಂದರೆ ಒಬ್ಬ ವ್ಯಕ್ತಿ ತನ್ನನ್ನು ಉಳಿಸಿಕೊಳ್ಳುವ ಹಕ್ಕಿನ, ಕಲಮುಗಳನ್ನು ತಂದು, ‘ಆತ್ಮರಕ್ಷಣೆ’ ಎಂಬ ನನ್ನ ಉಪಶೀರ್ಷಿಕೆಯ ಕೆಳಗೇ ಇಟ್ಟರು. ಯಾರದ್ದೂ ತಪ್ಪಲ್ಲ. ಮೇಲಿನ ಹೆಸರು ನೋಡಿದರೆ ಎಲ್ಲಕ್ಕೂ ಜಾಗ ಇತ್ತು. ಅವರು ಬರೆದದ್ದರಲ್ಲಿ ಸುಳ್ಳೂ ಇರಲಿಲ್ಲ, ಹಾಗಾಗಿ ತೆಗೆಯಲು ಕಾರಣ ಕೊಡುವುದೇ ಕಷ್ಟವಾಯಿತು.

ಇದರ ಬಿಸಿ ಮುಟ್ಟಿದ್ದು ನಮ್ಮ ಆಫೀಸಿನಲ್ಲೇ. ಕಾಲುವೆಯ ಕೊನೆಭಾಗದ ನೀರಿಗಾಗಿ ಹೊಡೆದಾಟ ಆಗಿ ಒಂದು ಕೇಸು ಬಂದಿತ್ತು. ನಮ್ಮ ಭಾಗದಲ್ಲಿ ಇಂಥವು ಜಾಸ್ತಿ. ಕಕ್ಷಿದಾರರ ಮಗ ಮೊಬೈಲಿನಲ್ಲಿ ಆ ಪುಟ ತೆರೆದು ನನ್ನ ಮುಂದೆ ಹಿಡಿದ. ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಕ್ರಮ ಕೈಗೊಳ್ಳುವವರೆಗೆ ಆತ್ಮರಕ್ಷಣೆಯ ಹಕ್ಕು ಇರುತ್ತದೆ ಎಂಬ ಸಾಲಿನ ಮೇಲೆ ಅವನ ಹೆಬ್ಬೆರಳು ಇತ್ತು. “ಅಂದ್ರೆ ಪೊಲೀಸ್ರು ಬರೋತನಕ ನಾವು ತಿರುಗಿ ಹೋಗಿ ಹೊಡೆದಿದ್ದು ಸರಿ ಅಲ್ವಾ ಸರ್?” ಅಂದ. ಸರಿಯಲ್ಲ. ದೇಹದ ರಕ್ಷಣೆಯ ಹಕ್ಕು ಅಪಾಯದ ಭಯ ಇರುವಷ್ಟು ಹೊತ್ತು ಮಾತ್ರ. ಐಪಿಸಿ 102 ಹೇಳುತ್ತಿದ್ದದ್ದು ಇದನ್ನೇ, ಈಗ ಅದರ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 40ನೇ ಕಲಂ. ದೇಶಕ್ಕೆ ಬರೆದ ನಿಯಮವನ್ನು ಆ ಹುಡುಗ ತನ್ನ ಹೊಲದ ಬದುವಿಗೆ ಅನ್ವಯಿಸಿಕೊಂಡಿದ್ದ. ಒಂದೇ ಪುಟದಲ್ಲಿ ಎರಡೂ ಇದ್ದರೆ ಇನ್ನೇನು ಮಾಡುತ್ತಾನೆ?

ಅದಕ್ಕೇ, ಚಿಕ್ಕ ಶೀರ್ಷಿಕೆಯೇ ಸ್ಪಷ್ಟ ಎಂಬ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಶೀರ್ಷಿಕೆ ಹುಡುಕುತ್ತಾ ಕೂರಬೇಡಿ, ಮೊದಲು ಲೇಖನದ ಮೊದಲ ವಾಕ್ಯ ಬರೆಯಿರಿ. ಯಾರು, ಯಾರ ಮೇಲೆ, ಯಾವ ಕಾನೂನಿನ ಕೆಳಗೆ ಎಂಬುದು ಅದರಲ್ಲಿ ಬಂದರೆ ಹೆಸರು ತಾನಾಗಿ ಸಿಗುತ್ತದೆ. ದೇಶಗಳ ವಿಷಯವಾದರೆ ‘ಅಂತರರಾಷ್ಟ್ರೀಯ ಕಾನೂನಿನಲ್ಲಿ ಬಲಪ್ರಯೋಗ’. ಪೊಲೀಸರದ್ದಾದರೆ ‘ಭಾರತದಲ್ಲಿ ಪೊಲೀಸ್ ಬಲಪ್ರಯೋಗ’. ಮನುಷ್ಯ ತನ್ನನ್ನು ಉಳಿಸಿಕೊಳ್ಳುವುದಾದರೆ ‘ಖಾಸಗಿ ರಕ್ಷಣೆಯ ಹಕ್ಕು’. ಬರೀ ‘ಬಲಪ್ರಯೋಗ’ ಎಂಬ ಪುಟ ಈ ಮೂರಕ್ಕೂ ದಾರಿ ತೋರಿಸಿದರೆ ಸಾಕು.

‘ಯುದ್ಧ ಕಾನೂನು’ ಇನ್ನೂ ದಾರಿ ತಪ್ಪಿಸುತ್ತದೆ. ಯುದ್ಧ ಶುರುವಾದ ಮೇಲೆ ಹೇಗೆ ನಡೆದುಕೊಳ್ಳಬೇಕು, ಗಾಯಾಳುಗಳನ್ನು, ಸೆರೆಸಿಕ್ಕವರನ್ನು ಹೇಗೆ ನೋಡಿಕೊಳ್ಳಬೇಕು ಎಂಬುದು 1949ರ ಜಿನೀವಾ ಒಪ್ಪಂದಗಳ ವಿಷಯ. ಯುದ್ಧ ಶುರು ಮಾಡಿದ್ದೇ ಅಕ್ರಮವಾದರೂ ಆ ದೇಶದ ಸೈನಿಕನಿಗೆ ಸೆರೆಯಲ್ಲಿ ರಕ್ಷಣೆ ಇದೆ. ಯುದ್ಧ ಶುರು ಮಾಡುವ ನಿಯಮ, ಯುದ್ಧದೊಳಗಿನ ನಿಯಮ ಎರಡನ್ನೂ ಬೇರೆ ಇಟ್ಟಿರುವುದು ಅದಕ್ಕೇ. ನೀವೂ ಬೇರೆ ಇಡಿ.

ಶೀರ್ಷಿಕೆಯಲ್ಲಿ ಕಲಂ ಸಂಖ್ಯೆ ಹಾಕಲೇಬೇಡಿ. ಐಪಿಸಿ 96ರಿಂದ 106 ಎಂದು ಬಾಯಿಪಾಠ ಆಗಿದ್ದದ್ದು 2024ರ ಜುಲೈ 1ರಿಂದ ನ್ಯಾಯ ಸಂಹಿತೆಯ 34ರಿಂದ 44 ಆಯಿತು. ಸಂಖ್ಯೆಗಳಿಗೆ ಲೇಖನದೊಳಗೆ ಬೇಕಾದಷ್ಟು ಜಾಗ ಇದೆ.

ಕರಡಿನಲ್ಲಿ ಬಳ್ಳಾರಿಯ ಲಾಠಿ ಪ್ರಹಾರದ ಭಾಗವೂ ಇದೆ ಎಂದಿದ್ದೀರಿ. ಪ್ರಕಟಿಸುವ ಮೊದಲೇ ಅದನ್ನು ಎತ್ತಿ ಪೊಲೀಸ್ ಲೇಖನಕ್ಕೆ ಹಾಕಿ. ಆಮೇಲೆ ಹತ್ತು ಜನರ ತಿದ್ದುಪಡಿಗಳ ನಡುವಿನಿಂದ ಬಿಡಿಸಿ ತೆಗೆಯುವುದು ಬಹಳ ಕಷ್ಟ.