ಸಿಇಎಸ್ ಮೇಳದಲ್ಲಿ ತೋರಿಸುವ ಟಿವಿಗಳು ನಿಜವಾಗಿ ಅಂಗಡಿಗೆ ಬರುತ್ತವೆಯೇ? ಕೊಳ್ಳುವ ಮುನ್ನ ಕಾಯಬೇಕೇ?

ಪ್ರತಿ ಜನವರಿಯಲ್ಲಿ ಲಾಸ್ ವೇಗಸ್‌ನಲ್ಲಿ ನಡೆಯುವ ಸಿಇಎಸ್ ಎಂಬ ಎಲೆಕ್ಟ್ರಾನಿಕ್ಸ್ ಮೇಳದ ವಿಡಿಯೋ ನೋಡುತ್ತೀರಿ, ಅಲ್ಲಿ ಕಂಡದ್ದು ಆಮೇಲೆ ಎಲ್ಲಿಯೂ ಸಿಗುವುದಿಲ್ಲ, ಈಗ ತಂದೆಯವರಿಗೆ ಟಿವಿ ಕೊಡಿಸಬೇಕು ಎಂದು ಬರೆದಿದ್ದೀರಿ. ನಾನು ಬೆಂಗಳೂರಿನಲ್ಲಿ ಟಿವಿಗಳ ಒಳಗಿನ ತಂತ್ರಾಂಶ ಬರೆಯುವವನು. ಎರಡು ವರ್ಷ ಆ ಮೇಳದಲ್ಲಿ ಮಳಿಗೆ ಕಾಯುವ ಕೆಲಸವೂ ನನ್ನದಾಗಿತ್ತು. ಅಲ್ಲಿ ಕಂಡದ್ದನ್ನೇ ಹೇಳುತ್ತೇನೆ.

ಮೊದಲಿಗೆ, ಅದು ನಮ್ಮ ದಸರಾ ವಸ್ತುಪ್ರದರ್ಶನದಂತಹ ಜನರ ಜಾತ್ರೆಯಲ್ಲ. 1967ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾದ ಅದು ವ್ಯಾಪಾರಿಗಳ ಮೇಳ. ಸಾರ್ವಜನಿಕರಿಗೆ ಪ್ರವೇಶವಿಲ್ಲ. 2025ರಲ್ಲಿ ಸುಮಾರು 4,500 ಸಂಸ್ಥೆಗಳು ಮಳಿಗೆ ಹಾಕಿದ್ದವು. ಅಂಗಡಿ ಸರಣಿಗಳಿಗೆ ಸರಕು ಕೊಳ್ಳುವವರು, ಚಿಪ್ ಮಾರುವವರು, ಹೂಡಿಕೆದಾರರು, ಪತ್ರಕರ್ತರು, ಇವರಿಗಾಗಿಯೇ ಆ ದೀಪಾಲಂಕಾರ. ಹೀಗಾಗಿ ತೋರಿಸಿದ್ದೆಲ್ಲ ಮಾರಾಟಕ್ಕೆ ಬರಲೇಬೇಕೆಂಬ ಹಂಗು ಯಾರಿಗೂ ಇಲ್ಲ.

ನಾನು ನಿಂತಿದ್ದ ಮಳಿಗೆಯಲ್ಲಿ ಹೊರಗೆ ಒಂದೇ ಟಿವಿ ಕಾಣುತ್ತಿತ್ತು. ಹಿಂದಿನ ಗೋಡೆಯಾಚೆ ಅಂಥವೇ ಇನ್ನೂ ಮೂರು ಇದ್ದವು. ಎರಡು ತಾಸು ಓಡಿದರೆ ಸಾಕು, ಬಿಸಿಯೇರಿ ಪರದೆಯ ಒಂದು ಮೂಲೆ ಮಂಕಾಗುತ್ತಿತ್ತು. ಜನ ಊಟಕ್ಕೆ ಹೋದ ಹೊತ್ತು ನೋಡಿ ಬದಲಾಯಿಸುತ್ತಿದ್ದೆವು. ಅಲ್ಲಿ ರಾತ್ರಿಯಾದರೆ ಇಲ್ಲಿ ಹಗಲು, ಹದಿಮೂರೂವರೆ ತಾಸಿನ ಅಂತರ. ಸಂಜೆ ನಾವು ಕಳಿಸಿದ ದೋಷಗಳ ಪಟ್ಟಿಗೆ ಬೆಂಗಳೂರಿನ ಗೆಳೆಯರು ಬೆಳಗಾಗುವುದರೊಳಗೆ ತಿದ್ದುಪಡಿ ಕಳಿಸುತ್ತಿದ್ದರು. ಅಷ್ಟು ಮಂದಿಯ ನಿದ್ದೆ ತಿಂದ ಆ ಟಿವಿ ಕೊನೆಗೂ ಮಾರಾಟಕ್ಕೆ ಬರಲಿಲ್ಲ. ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ತಯಾರಿಸುವ ವೆಚ್ಚ ಹೊಂದಲಿಲ್ಲವಂತೆ. ಅದರ ನೆನಪಾದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಆದರೂ ಆ ಶ್ರಮ ಪೂರ್ತಿ ನೀರುಪಾಲಾಗಲಿಲ್ಲ. ಅದಕ್ಕೆಂದು ಬರೆದ ಬಣ್ಣ ಸರಿಪಡಿಸುವ ತಂತ್ರಾಂಶ ಎರಡು ವರ್ಷದ ಮೇಲೆ ಮಾಮೂಲಿ ಟಿವಿಗಳಿಗೆ ಇಳಿಯಿತು. ಸಿಇಎಸ್‌ನ ಸರಕು ಮನೆ ಸೇರುವುದು ಹೆಚ್ಚಾಗಿ ಹೀಗೆಯೇ, ವಸ್ತುವಾಗಿ ಅಲ್ಲ, ಅದರೊಳಗಿನ ಬಿಡಿಭಾಗವಾಗಿ. 2012ರ ಮೇಳದಲ್ಲಿ ಎಲ್‌ಜಿ 84 ಇಂಚಿನ 4ಕೆ, ಅಂದರೆ ಅತಿ ಸ್ಪಷ್ಟ ಚಿತ್ರದ, ಟಿವಿ ತೋರಿಸಿತು. ಅದೇ ವರ್ಷ ಅಮೆರಿಕದಲ್ಲಿ ಮಾರಾಟಕ್ಕೆ ಬಂದಾಗ ಬೆಲೆ ಸುಮಾರು 20,000 ಡಾಲರ್. ಇಂದು ಅಷ್ಟೇ ಸ್ಪಷ್ಟತೆಯ 43 ಇಂಚಿನ ಪರದೆ ನಮ್ಮಲ್ಲಿ ಮೂವತ್ತು ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ಅದೇ ಎಲ್‌ಜಿಯ ಸುರುಳಿ ಸುತ್ತುವ ಟಿವಿ 2019ರಲ್ಲಿ ಎಲ್ಲರ ಕಣ್ಣರಳಿಸಿತ್ತು. ಮರುವರ್ಷ ಕೊರಿಯಾದಲ್ಲಿ ಮಾರಾಟವೂ ಆಯಿತು, ಹತ್ತು ಕೋಟಿ ವೊನ್‌ಗೆ! ಅಷ್ಟು ಕೊಡುವವರು ಎಷ್ಟು ಮಂದಿ ಸಿಕ್ಕಾರು? ಸ್ಯಾಮ್‌ಸಂಗ್‌ನ ಬ್ಯಾಲಿ ಎಂಬ ಚೆಂಡಿನಾಕಾರದ ರೋಬಾಟ್ 2020ರ ಮೇಳಕ್ಕೆ ಬಂತು, 2024ರಲ್ಲಿ ಪ್ರೊಜೆಕ್ಟರ್ ಹೊತ್ತು ಮತ್ತೆ ಬಂತು. 2025ರಲ್ಲಿ ‘ಇದೇ ವರ್ಷ ಮಾರಾಟ’ ಎಂದರು. ಆ ವರ್ಷವೂ ಅದು ಅಂಗಡಿ ಕಾಣಲಿಲ್ಲ.

ಯಾವುದನ್ನು ನಂಬಬೇಕು ಎನ್ನುವುದಕ್ಕೆ ಮೇಳದೊಳಗೇ ಒಂದು ಗುರುತಿದೆ. ವಿಡಿಯೋ ಮಾಡುವವರು ಯಾರೂ ಅದನ್ನು ತೋರಿಸುವುದಿಲ್ಲ. ಕೆಲವು ವಸ್ತುಗಳ ಪಕ್ಕದಲ್ಲಿ ಅಂಗೈಯಗಲದ ಒಂದು ಫಲಕ ಇರುತ್ತದೆ: ಈ ಸಾಧನಕ್ಕೆ ಎಫ್‌ಸಿಸಿ ಅನುಮತಿ ಇನ್ನೂ ದೊರೆತಿಲ್ಲ, ಅದು ದೊರೆಯುವ ತನಕ ಮಾರುವಂತಿಲ್ಲ, ಎಂದು. ಎಫ್‌ಸಿಸಿ ಎಂದರೆ ಅಮೆರಿಕದ ಸಂವಹನ ಆಯೋಗ. ಅನುಮತಿ ಸಿಗದ ಸಾಧನವನ್ನು ಮೇಳದಲ್ಲಿ ತೋರಿಸಬೇಕಾದರೆ ಈ ಸೂಚನೆ ಹಾಕಲೇಬೇಕೆಂಬುದು ಅಲ್ಲಿನ ನಿಯಮ. ಮನೆಯಲ್ಲಿ ಕುಳಿತು ಸುದ್ದಿ ಓದುವವರು ಮೂರು ಸಂಗತಿ ಹುಡುಕಿದರೆ ಸಾಕು. ಬೆಲೆ ಹೇಳಿದ್ದಾರೆಯೇ, ಮಾರಾಟದ ತಿಂಗಳು ಹೇಳಿದ್ದಾರೆಯೇ, ಯಾವ ದೇಶದಲ್ಲಿ ಎಂದು ಹೇಳಿದ್ದಾರೆಯೇ? ಮೂರೂ ಇದ್ದರೆ ಬಹುಮಟ್ಟಿಗೆ ಬರುತ್ತದೆ. ‘ಪರಿಕಲ್ಪನೆ’ ಎಂಬ ಮಾತು ಕಂಡರೆ ನೋಡಿ ಸಂತೋಷಪಡಿ, ಅದಕ್ಕಾಗಿ ದುಡ್ಡು ಎತ್ತಿಡಬೇಡಿ.

ಇನ್ನು ತಂದೆಯವರ ಟಿವಿ. ಜನವರಿಯಲ್ಲಿ ತೋರಿಸಿದ ಮಾಮೂಲಿ ಮಾದರಿಗಳು ಅಮೆರಿಕದ ಅಂಗಡಿಗಳಿಗೆ ಬರುವ ಹೊತ್ತಿಗೆ ಮಾರ್ಚ್, ಏಪ್ರಿಲ್ ಆಗಿರುತ್ತದೆ. ನಮ್ಮಲ್ಲಿಗೆ ಸಾಮಾನ್ಯವಾಗಿ ಇನ್ನೂ ತಡ. ಹೊಸದು ಬಂದಾಗ ಹಿಂದಿನ ವರ್ಷದ ಮಾದರಿಯ ಬೆಲೆ ಇಳಿಯುತ್ತದೆ, ಎರಡಕ್ಕೂ ಚಿತ್ರದಲ್ಲಿ ಹೆಚ್ಚಿನ ವ್ಯತ್ಯಾಸ ಇರುವುದಿಲ್ಲ. ನಾನಾಗಿದ್ದರೆ ಆ ಹಿಂದಿನ ವರ್ಷದ್ದನ್ನೇ ತರುತ್ತಿದ್ದೆ. ಅವರಿಗೆ ಮಾತು ಸ್ಪಷ್ಟವಾಗಿ ಕೇಳಿಸುತ್ತದೆಯೇ ಎಂದು ಅಂಗಡಿಯಲ್ಲೇ ಸುದ್ದಿ ವಾಹಿನಿಯೊಂದನ್ನು ಹಾಕಿಸಿ ನೋಡಿ. ಈಗಿನ ತೆಳ್ಳನೆಯ ಟಿವಿಗಳಲ್ಲಿ ಸ್ಪೀಕರ್‌ಗೆ ಜಾಗವೇ ಇಲ್ಲ, ವಯಸ್ಸಾದವರಿಗೆ ಮೊದಲು ತೊಂದರೆಯಾಗುವುದು ಅಲ್ಲಿಯೇ.