ಗೇಟ್ ಕಾಯೋ ನನಗೆ ಯಾಕೆ ಬಿಪಿ?

ಪ್ರಶ್ನೆ: ಮೇಡಂ, ನಮಸ್ಕಾರ. ನನಗೆ 41 ವರ್ಷ. ಊರು ಸಿಂಧನೂರು ಕಡೆ. ಬೆಂಗಳೂರಿನ ವೈಟ್‌ಫೀಲ್ಡ್ ಹತ್ತಿರ ಒಂದು ಅಪಾರ್ಟ್‌ಮೆಂಟ್‌ನಲ್ಲಿ ಸೆಕ್ಯುರಿಟಿ ಕೆಲಸ. ಹನ್ನೆರಡು ಗಂಟೆ ಡ್ಯೂಟಿ, ಹದಿನೈದು ದಿನ ಹಗಲು, ಹದಿನೈದು ದಿನ ರಾತ್ರಿ. ಸಂಬಳ 16,000. ರಜಾ ಹಾಕಿದರೆ ಆ ದಿನದ ದುಡ್ಡು ಕಟ್. ಊರಲ್ಲಿ ಸಂಘದ ಸಾಲ ಇದೆ, ವಾರ ವಾರ ಕಂತು ಕಟ್ಟಬೇಕು. ಹೋದ ತಿಂಗಳು ಕ್ಯಾಂಪ್‌ನಲ್ಲಿ ಬಿಪಿ ನೋಡಿದರು, 160/100 ಬಂತು. ಸರ್ಕಾರಿ ಕ್ಲಿನಿಕ್‌ನಲ್ಲಿ ಮತ್ತೆ ನೋಡಿಸಿದೆ, ಅಲ್ಲೂ ಅಷ್ಟೇ. ಮಾತ್ರೆ ಕೊಟ್ಟು "ಟೆನ್ಷನ್ ಮಾಡ್ಕೋಬೇಡಿ" ಅಂದರು. ನಾನು ಕುಡಿಯಲ್ಲ, ಬೀಡಿ ಸೇದಲ್ಲ. ಟೆನ್ಷನ್ ಇರೋದು ಮೇಲಿನ ಫ್ಲ್ಯಾಟ್‌ಗಳ ದೊಡ್ಡ ಆಫೀಸರ್‌ಗಳಿಗೆ ಅಲ್ವಾ? ಗೇಟ್ ತೆಗೆದು ಹಾಕೋ ನನಗೆ ಯಾಕೆ ಬಂತು?
– ಹೆಸರು ಬೇಡ, ಬೆಂಗಳೂರು

ಉತ್ತರ: ನಮಸ್ಕಾರ. ಹಾರ್ಟ್ ಅಟ್ಯಾಕ್ ದೊಡ್ಡ ಹುದ್ದೆಯವರ ಕಾಯಿಲೆ ಅಂತ ಒಂದು ಕಾಲದಲ್ಲಿ ಡಾಕ್ಟರ್‌ಗಳೂ ನಂಬಿದ್ದರು. ಜವಾಬ್ದಾರಿ ಜಾಸ್ತಿ, ಹಾಗಾಗಿ ಟೆನ್ಷನ್ ಜಾಸ್ತಿ ಅನ್ನೋ ಲೆಕ್ಕ. 1967ರಲ್ಲಿ ಲಂಡನ್‌ನಲ್ಲಿ ಸುಮಾರು 18,000 ಸರ್ಕಾರಿ ನೌಕರರ ಆರೋಗ್ಯ ಪರೀಕ್ಷೆ ಶುರುವಾಯಿತು. ವೈಟ್‌ಹಾಲ್ ಅಧ್ಯಯನ ಅಂತ ಅದಕ್ಕೆ ಹೆಸರು. ಎಲ್ಲರೂ ಗಂಡಸರು, ಎಲ್ಲರಿಗೂ ಕಾಯಂ ಕೆಲಸ, ಎಲ್ಲರಿಗೂ ಸರ್ಕಾರದ ಉಚಿತ ಚಿಕಿತ್ಸೆ. ಕೆಲವು ವರ್ಷಗಳ ನಂತರ ನೋಡಿದರೆ ಲೆಕ್ಕ ತಲೆಕೆಳಗಾಗಿತ್ತು. ಹೃದ್ರೋಗದಿಂದ ತೀರಿಕೊಂಡವರ ಪ್ರಮಾಣ ಮೇಲಧಿಕಾರಿಗಳಿಗಿಂತ ಕೆಳಗಿನ ದರ್ಜೆಯವರಲ್ಲಿ ಮೂರು ಪಟ್ಟಿಗಿಂತ ಜಾಸ್ತಿ. ಆ ಕೆಳಗಿನ ದರ್ಜೆಯಲ್ಲಿ ಯಾರಿದ್ದರು ಗೊತ್ತಾ? ಕಾಗದ ತಲುಪಿಸುವ ಜವಾನರು, ಬಾಗಿಲು ಕಾಯುವವರು.

ಸಿಗರೇಟು, ಬಿಪಿ, ಕೊಲೆಸ್ಟ್ರಾಲ್ ಎಲ್ಲ ಲೆಕ್ಕಕ್ಕೆ ಹಿಡಿದರೂ ಅಂತರ ಪೂರ್ತಿ ಹೋಗಲಿಲ್ಲ. 1985ರಲ್ಲಿ ಹೆಂಗಸರನ್ನೂ ಸೇರಿಸಿಕೊಂಡು ಎರಡನೇ ಅಧ್ಯಯನ ಶುರು ಮಾಡಿದರು. ಮೈಕೇಲ್ ಮಾರ್ಮಟ್ ಅದರ ಮುಂದಾಳು. ತನ್ನ ಕೆಲಸದ ಮೇಲೆ ತನಗೇ ಹಿಡಿತ ಇಲ್ಲದವರಿಗೆ ಹೃದ್ರೋಗ ಜಾಸ್ತಿ ಅಂತ ಅಲ್ಲಿ ಕಂಡುಬಂತು. ಮೇಲಿನ ಫ್ಲ್ಯಾಟ್‌ನ ಮ್ಯಾನೇಜರ್‌ಗೂ ಒತ್ತಡ ಇದೆ, ಇಲ್ಲ ಅನ್ನಲ್ಲ. ಆದರೆ ತಲೆ ಬಿಸಿಯಾದರೆ ಅವರು ಮೀಟಿಂಗ್ ಮುಂದಕ್ಕೆ ಹಾಕಬಹುದು, ಒಂದು ದಿನ ರಜಾ ಹಾಕಬಹುದು. ನೀವು ಟಾಯ್ಲೆಟ್‌ಗೆ ಹೋಗಬೇಕಾದರೂ ಗೇಟ್‌ಗೆ ಇನ್ನೊಬ್ಬರು ಬರುವ ತನಕ ಕಾಯಬೇಕು. ಹಾರ್ನ್ ಹೊಡೆದವರಿಗೆ ತಿರುಗಿ ಮಾತಾಡುವ ಹಾಗಿಲ್ಲ.

ಸಿಟ್ಟು, ಭಯ, ಅವಮಾನ ಆದಾಗ ಮೈಯಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಅನ್ನುವ ರಸಗಳು ಏರುತ್ತವೆ. ಎದೆ ಬಡಿತ ಹೆಚ್ಚುತ್ತದೆ, ರಕ್ತನಾಳ ಬಿಗಿಯಾಗುತ್ತದೆ, ಸಕ್ಕರೆ ಏರುತ್ತದೆ. ಹಾವು ಕಂಡು ಓಡುವಾಗ ಇದು ಜೀವ ಉಳಿಸುತ್ತದೆ, ಆಮೇಲೆ ತಾನಾಗಿ ಇಳಿಯುತ್ತದೆ. ಪ್ರತಿ ವಾರದ ಕಂತಿಗೆ ಆ "ಆಮೇಲೆ" ಬರುವುದೇ ಇಲ್ಲ. ಜೊತೆಗೆ, ರಾತ್ರಿ ನಿದ್ದೆಯಲ್ಲಿ ಬಿಪಿ ಕೆಳಗೆ ಬರಬೇಕು. ನಿಮಗೆ ತಿಂಗಳಲ್ಲಿ ಹದಿನೈದು ರಾತ್ರಿ ಆ ನಿದ್ದೆಯೇ ಇಲ್ಲ. ಟೆನ್ಷನ್ ಮಾಡ್ಕೋಬೇಡಿ ಅನ್ನೋದು ಸುಲಭ. ನೀವು ಬೇಕು ಅಂತ ಮಾಡಿಕೊಂಡಿದ್ದಲ್ಲ ಇದು.

ಸಾಲದ ಬಗ್ಗೆ ಇನ್ನೊಂದು ಮಾತು. ತಮಿಳುನಾಡಿನ ಕಬ್ಬು ಬೆಳೆಗಾರರ ಮೇಲೆ ನಡೆದ ಒಂದು ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಕಬ್ಬು ಕಡಿಯುವ ಮುಂಚೆ ಕೈ ಖಾಲಿ ಇದ್ದಾಗ ಒಂದು ಸಲ, ದುಡ್ಡು ಬಂದ ಮೇಲೆ ಒಂದು ಸಲ, ಅದೇ ರೈತರಿಗೆ ಯೋಚನಾಶಕ್ತಿಯ ಪರೀಕ್ಷೆ ಕೊಟ್ಟರು. ಕೈ ಖಾಲಿ ಇದ್ದಾಗ ಅವರು ಎಡವಿದ್ದು ಜಾಸ್ತಿ. ತಲೆಯೆಲ್ಲ ದುಡ್ಡಿನ ಚಿಂತೆಯೇ ತುಂಬಿಕೊಂಡರೆ ಬೇರೆ ಯೋಚನೆಗೆ ಜಾಗ ಎಲ್ಲಿ? ಮಾತ್ರೆ ಮರೆತು ಹೋದರೆ ನಿಮ್ಮನ್ನೇ ಬೈದುಕೊಳ್ಳಬೇಡಿ. ಊಟದ ಡಬ್ಬಿಯಲ್ಲೇ ಇಟ್ಟುಕೊಳ್ಳಿ. ನಿಮ್ಮದು ದಿನಕ್ಕೊಂದೇ ಮಾತ್ರೆ ಆದರೆ ಹಗಲು ಡ್ಯೂಟಿ, ರಾತ್ರಿ ಡ್ಯೂಟಿ ಎರಡಕ್ಕೂ ಹೊಂದುವ ಒಂದೇ ಸಮಯ ಹೇಳಿ ಅಂತ ಡಾಕ್ಟರನ್ನು ಕೇಳಿ.

ಈಗ ಮುಖ್ಯವಾದದ್ದು. ನಿಮ್ಮ ಪೇ ಸ್ಲಿಪ್ ತೆಗೆದು ನೋಡಿ, ಇಎಸ್‌ಐ (ಕೆಲಸಗಾರರ ಸರ್ಕಾರಿ ಆರೋಗ್ಯ ವಿಮೆ) ಅಂತ ಕಟ್ ಆಗಿದೆಯಾ? ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಏಜೆನ್ಸಿಯಲ್ಲಿ 21,000ದ ಒಳಗೆ ಸಂಬಳ ಇರುವವರಿಗೆ ಅದು ಸಿಗಬೇಕು. ನಿಮ್ಮ ಪಾಲು ನೂರಕ್ಕೆ 75 ಪೈಸೆ, ಅಂದರೆ 16,000ಕ್ಕೆ 120 ರೂಪಾಯಿ. ಮಾಲೀಕರ ಪಾಲು 520. ದುಡ್ಡು ಕಟ್ ಆಗುತ್ತಿದ್ದು ಕೈಗೆ ಕಾರ್ಡ್ ಬಂದಿಲ್ಲದಿದ್ದರೆ ನಿಮ್ಮ ಇಎಸ್‌ಐ ನಂಬರ್ ಕೇಳಿ ಪಡೆಯಿರಿ. ನಿಮಗೂ ಮನೆಯವರಿಗೂ ಡಿಸ್ಪೆನ್ಸರಿಯಲ್ಲಿ ಔಷಧಿ ಉಚಿತ. ಡಾಕ್ಟರ್ ಸರ್ಟಿಫಿಕೇಟ್ ಕೊಟ್ಟರೆ, ಇಎಸ್‌ಐ ದುಡ್ಡು ಸರಿಯಾಗಿ ಕಟ್ಟಿದವರಿಗೆ, ಕಾಯಿಲೆ ರಜೆಯಲ್ಲಿ ಸಂಬಳದ ಶೇ. 70ರಷ್ಟು ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ಸಾಮಾನ್ಯವಾಗಿ ಮೊದಲ ಎರಡು ದಿನಕ್ಕೆ ಸಿಗುವುದಿಲ್ಲ. ಹಾಗಾಗಿ ಬಿಪಿ ತೋರಿಸಲು ರಾತ್ರಿ ಪಾಳಿ ಇರುವ ವಾರವನ್ನೇ ಆರಿಸಿಕೊಳ್ಳಿ, ಬೆಳಿಗ್ಗೆ ಡ್ಯೂಟಿ ಬಿಟ್ಟು ನೇರ ಹೋಗಬಹುದು.

ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ ಕಡಿಮೆ ಮಾಡಿ. ರೂಮಿನಲ್ಲಿ ಬರೀ ಅನ್ನ-ಉಪ್ಪಿನಕಾಯಿಯಲ್ಲಿ ಊಟ ಮುಗಿಸುವವರನ್ನು ಬಹಳ ನೋಡಿದ್ದೇನೆ.

ಈ ಪತ್ರಿಕೆ ಅಪಾರ್ಟ್‌ಮೆಂಟ್‌ಗಳಿಗೂ ಹೋಗುತ್ತದೆ. ಅಲ್ಲಿನ ಓದುಗರಿಗೆ ಒಂದು ಕೋರಿಕೆ. ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ಕೆಲಸದವರಿಗೆ ಕೂರಲು ಆಸನ ಕೊಡಲೇಬೇಕು ಅಂತ ಕಾನೂನು ಮಾಡಿದವು. ನಿಮ್ಮ ಗೇಟ್‌ನಲ್ಲಿ ಒಂದು ಕುರ್ಚಿ ಇದೆಯಾ ನೋಡಿ. ಟಾಯ್ಲೆಟ್ ಎಷ್ಟು ದೂರ ಇದೆ ನೋಡಿ. ಪಾಳಿ ಪಟ್ಟಿಯನ್ನು ಒಂದು ತಿಂಗಳು ಮುಂಚೆಯೇ ಕೊಡಿ ಅಂತ ಏಜೆನ್ಸಿಗೆ ನಿಮ್ಮ ಅಸೋಸಿಯೇಷನ್ ಹೇಳಿದರೆ ಅವರು ಕೇಳುತ್ತಾರೆ, ಗಾರ್ಡ್ ಹೇಳಿದರೆ ಕೇಳಲ್ಲ.

ಕೊನೆಗೆ ಮತ್ತೆ ನಿಮಗೆ: ಮೈ ಹಗುರ ಅನ್ನಿಸಿತು ಅಂತ ಮಾತ್ರೆ ನಿಲ್ಲಿಸಬೇಡಿ. ತಿಂಗಳಿಗೊಮ್ಮೆ ಬಿಪಿ ನೋಡಿಸಿ. ಎದೆ ಹಿಡಿದ ಹಾಗಾದರೆ, ಒಂದು ಕಡೆ ಕೈಕಾಲು ಸೋತರೆ, ಮಾತು ತೊದಲಿದರೆ ಪಾಳಿ ಮುಗಿಯಲಿ ಅಂತ ಕಾಯಬೇಡಿ. ಗೇಟ್ ಬಿಟ್ಟು ಕೂತು 108ಕ್ಕೆ ಫೋನ್ ಮಾಡಿಸಿ.